ಕತೆ, ಕತ್ತೆ ಮತ್ತು ಜಪಾನೀ ಭಾಷೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಜಪಾನೀ ಭಾಷಾ ಕಲಿಕೆಗೆ ಮಲ್ಟಿಮೀಡಿಯಾ ಸ್ಟುಡಿಯೊ’ ಎಂದು ಅಚ್ಚು ಹಾಕಿಸಿದ್ದಾರೆ. ಓದಿದವರಿಗೆ ಗಾಜಿನ ಕಟ್ಟಡ, ಎ.ಸಿ. ಕೋಣೆ, ಸಾಲು ಸಾಲು ಕಂಪ್ಯೂಟರು ಕಣ್ಣಿಗೆ ಬಂದಿರಬಹುದು. ನಮ್ಮ ಸ್ಟುಡಿಯೊ ಬೆಂಗಳೂರಿನ ಒಂದು ಬಾಡಿಗೆ ಮನೆಯ ಮಹಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಮೈಕು, ಇನ್ನೊಂದರಲ್ಲಿ ಎರಡು ಕಂಪ್ಯೂಟರು ಮತ್ತು ಚಹಾ ಕಾಯಿಸುವ ಒಲೆ. ಮೈಕಿನ ಕೋಣೆಯ ಗೋಡೆಗೆ ನಮ್ಮವ್ವ ಹೊಲಿದ ಆರು ಕೌದಿಗಳನ್ನು ನೇತುಹಾಕಿದ್ದೇವೆ. ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಗೋಡೆಗೆ ಅಂಟಿಸಿದರೆ ಸದ್ದು ನಿಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಹಳೆಯ ಸೀರೆಗಳನ್ನು ಪದರು ಪದರಾಗಿ ಸೇರಿಸಿ ಹೊಲಿದ ಕೌದಿ ಕೋಣೆಯೊಳಗಿನ ಮಾರ್ದನಿಯನ್ನು ಚೆನ್ನಾಗಿ ಹೀರುತ್ತದೆ. ಹೊರಗಿನ ಸದ್ದಿಗೆ ಮಾತ್ರ ಅದರಲ್ಲೂ ಮದ್ದಿಲ್ಲ. ಪಕ್ಕದ ಮನೆಯ ಕುಕ್ಕರು ಕೂಗುವ ಮೊದಲು, ಹಾಲಿನವರ ಬೈಕು ಬರುವ ಮೊದಲು, ಅಂದರೆ ಬೆಳಗಿನ ನಾಲ್ಕೂವರೆಯಿಂದ ಆರರವರೆಗೆ ನಮ್ಮ ರೆಕಾರ್ಡಿಂಗ್. ಚೈತ್ರದಲ್ಲಿ ಅದೂ ಕಷ್ಟ. ಕೋಗಿಲೆ ನಮಗಿಂತ ಮೊದಲೇ ಏಳುತ್ತದೆ.

ಇಷ್ಟು ತಾಪತ್ರಯ ಪಟ್ಟು ನಾವು ಮಾಡುವುದು ಒಂದೇ ಕೆಲಸ. ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡದ ಮೂಲಕವೇ ಜಪಾನೀ ಭಾಷೆ ಕಲಿಯುವಂತೆ ಧ್ವನಿಪಾಠ ಮತ್ತು ಚಿತ್ರಪಾಠಗಳನ್ನು ತಯಾರಿಸುತ್ತೇವೆ. ‘ಜಪಾನೀ ಯಾಕೆ? ಮೊದಲು ಇಂಗ್ಲಿಷ್ ಕಲಿಯಲಿ’ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೀರಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮಕ್ಕಳೇ, ನಿಮಗೊಂದು ಪ್ರಶ್ನೆ. ಕತೆ ಮತ್ತು ಕತ್ತೆ ಈ ಎರಡು ಪದಗಳಿಗೆ ಏನು ವ್ಯತ್ಯಾಸ? ನಗಬೇಡಿ. ‘ತ’ಕಾರದ ಮೇಲೆ ಅರೆಗಳಿಗೆ ಹೆಚ್ಚು ನಿಂತರೆ ಕತೆ ಹೋಗಿ ಕತ್ತೆ ಬರುತ್ತದೆ. ಜಪಾನಿಯಲ್ಲಿ ‘ಕಿತೆ’ ಎಂದರೆ ಬಂದು. ‘ಕಿತ್ತೆ’ ಎಂದರೆ ಅಂಚೆಚೀಟಿ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ. ‘ಒಬಾಸನ್’ ಎಂದರೆ ಅಜ್ಜಿ. ಚಿಕ್ಕಮ್ಮನ ವಯಸ್ಸಿನವರನ್ನು ಅಜ್ಜಿ ಎಂದು ಕರೆದರೆ ಆಗುವ ಪರಿಣಾಮ ಎಲ್ಲ ದೇಶಗಳಲ್ಲೂ ಒಂದೇ. ಇಂಗ್ಲಿಷ್ ಮಾತನಾಡುವವರಿಗೆ ಈ ಭೇದ ಕಿವಿಗೆ ಹಿಡಿಯಲು ಬಹಳ ಕಾಲ ಬೇಕು. ನಿಮಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ನೀವು ಕನ್ನಡ ಪಾಠದಲ್ಲಿ ಪ್ರಸ್ತಾರ ಹಾಕುತ್ತೀರಲ್ಲ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಭಾಮಿನಿ ಷಟ್ಪದಿಗೆ ಮೂರು ನಾಲ್ಕು, ಮೂರು ನಾಲ್ಕು ಎಂದು ಗಣ ಬಿಡಿಸುತ್ತೀರಲ್ಲ, ಅದು ಪರೀಕ್ಷೆಗೆ ಮಾತ್ರ ಇರುವ ಸಂಗತಿ ಎಂದುಕೊಳ್ಳಬೇಡಿ. ಜಪಾನೀ ಭಾಷೆ ನಡೆಯುವುದೇ ಮಾತ್ರೆಯ ಮೇಲೆ. ಅವರ ಹೈಕು ಐದು, ಏಳು, ಐದು ಎಂದು ನೀವು ಕೇಳಿರಬಹುದು. ಆ ಎಣಿಕೆ ಮಾತ್ರೆಯದು. ‘ತೋಕ್ಯೋ’ ಎಂಬುದಕ್ಕೆ ಪ್ರಸ್ತಾರ ಹಾಕಿ: ಎರಡು ಗುರು, ನಾಲ್ಕು ಮಾತ್ರೆ. ಜಪಾನಿನವರೂ ಅದನ್ನು ನಾಲ್ಕು ಎಂದೇ ಎಣಿಸುತ್ತಾರೆ. ‘ನಿಪ್ಪೊನ್’, ಅದೂ ನಾಲ್ಕು. ‘ಒಬಸನ್’ ನಾಲ್ಕು, ‘ಒಬಾಸನ್’ ಐದು. ಹಳಗನ್ನಡ ಪಾಠದ ದಿನ ನನ್ನ ಜೊತೆ ಕೊನೆಯ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದವರು ಇಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಲಿಪಿಯ ವಿಷಯವೂ ಹೀಗೆಯೇ. ರೋಮನ್ ಲಿಪಿಯಲ್ಲಿ ಜಪಾನೀ ಬರೆದರೆ ದೀರ್ಘಕ್ಕೆ ತಲೆಯ ಮೇಲೆ ಗೆರೆ ಎಳೆಯಬೇಕು. ಅನೇಕರು ಎಳೆಯುವುದೇ ಇಲ್ಲ. ಹಿಂದಿ ಬರೆಯುವ ರೂಢಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ. ಕನ್ನಡದಲ್ಲಿ ಎ ಇದೆ ಏ ಇದೆ, ಒ ಇದೆ ಓ ಇದೆ. ಜಪಾನಿಗೆ ಬೇಕಾದದ್ದೂ ಅಷ್ಟೇ. ಅದಕ್ಕಾಗಿ ನಮ್ಮ ಪುಸ್ತಿಕೆಯಲ್ಲಿ ಮೊದಲ ನಾಲ್ಕು ವಾರ ಕನ್ನಡ ಲಿಪಿಯಲ್ಲೇ ಪಾಠ. ಐದನೆಯ ವಾರದಿಂದ ಅದನ್ನು ಕಿತ್ತುಹಾಕುತ್ತೇವೆ. ಊರುಗೋಲು ಹೆಚ್ಚು ದಿನ ಕೈಯಲ್ಲಿದ್ದರೆ ಕಾಲಿಗೆ ಒಳ್ಳೆಯದಲ್ಲ.

ಅವರ ಅಕ್ಷರಮಾಲೆ ಹೇಗಿದೆ ಗೊತ್ತೆ? ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಜೋರಾಗಿ ಹೇಳಿ ನೋಡಿ. ಕವರ್ಗ, ಚವರ್ಗದ ಜಾಗದಲ್ಲಿ ಸ, ಆಮೇಲೆ ತ ಮತ್ತು ನ, ಪವರ್ಗದ ಜಾಗದಲ್ಲಿ ಹ ಮತ್ತು ಮ, ಕೊನೆಗೆ ಯ ರ ವ. ಇದು ಕಾಕತಾಳೀಯವಲ್ಲ. ಬೌದ್ಧ ಧರ್ಮದ ಜೊತೆ ಭಾರತದ ಸಿದ್ಧಂ ಲಿಪಿ ಅಲ್ಲಿಗೆ ಹೋಯಿತು. ಅದನ್ನು ಓದಿದ ಭಿಕ್ಷುಗಳು ತಮ್ಮ ಅಕ್ಷರಗಳನ್ನು ನಮ್ಮ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದರು. ಇಂದಿಗೂ ಜಪಾನಿನ ನಿಘಂಟು ಆ ಕ್ರಮದಲ್ಲೇ ಇದೆ. ‘ಪ’ ಇರಬೇಕಾದಲ್ಲಿ ‘ಹ’ ಯಾಕೆ ಬಂತು ಎಂದು ಕೇಳುವ ಜಾಣರಿಗೆ ಉತ್ತರ ನಮ್ಮ ವ್ಯಾಕರಣ ಪುಸ್ತಕದಲ್ಲೇ ಇದೆ. ಹಳಗನ್ನಡದ ಪಾಲ್ ಇಂದು ಹಾಲು, ಪುಲಿ ಇಂದು ಹುಲಿ, ಪೂ ಇಂದು ಹೂ. ಜಪಾನಿಯಲ್ಲೂ ಪ್ರಾಚೀನ ಕಾಲದ ಪಕಾರ ಸವೆದು ಸವೆದು ಹಕಾರವಾಗಿದೆ. ಇದು ಕಾಕತಾಳೀಯವೇ. ಎರಡು ಭಾಷೆಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಲ್ಲಿಗೆ ಎಡವಿದ ಹಾಗೆ.

ಈಗ ವ್ಯಾಕರಣ. ನನ್ನ ಮಾತಿನ ತಿರುಳು ಇಲ್ಲಿದೆ, ಸ್ವಲ್ಪ ಸಾವಧಾನ ಇರಲಿ.

‘ತಬೆತೆ ಮಿರು’ ಎಂದು ಜಪಾನಿಯಲ್ಲಿ ಒಂದು ಮಾತು. ‘ತಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡು. ತಿಂದು ನೋಡು! ಹಪ್ಪಳವನ್ನು ಕಣ್ಣಿನಿಂದ ನೋಡುವುದಲ್ಲ, ರುಚಿ ನೋಡುವುದು. ಇದನ್ನು ಇಂಗ್ಲಿಷಿನಲ್ಲಿ ವಿವರಿಸುವ ಶಿಕ್ಷಕರು ‘ಪ್ರಯತ್ನಿಸು’ ಎನ್ನುವ ಪದ ತಂದು, ಅದಕ್ಕೊಂದು ನಿಯಮ ಬರೆಸಿ, ಹತ್ತು ಉದಾಹರಣೆ ಕೊಡುತ್ತಾರೆ. ಕನ್ನಡದವರಿಗೆ ನಿಯಮವೇ ಬೇಡ. ‘ಕಇತೆ ಒಕು’: ಕಇತೆ ಎಂದರೆ ಬರೆದು, ಒಕು ಎಂದರೆ ಇಡು. ಬರೆದಿಡು. ‘ತಬೆತೆ ಶಿಮತ್ತ’ ಎಂದರೆ ತಿಂದುಬಿಟ್ಟೆ. ನಮ್ಮ ‘ಬಿಟ್ಟೆ’ಯಲ್ಲಿರುವ ‘ಅಯ್ಯೋ’ ಕೂಡ ಅದರಲ್ಲಿದೆ. ‘ಮೊತ್ತೆ ಕುರು’ ಎಂದರೆ ತಗೊಂಡು ಬಾ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ವಿಭಕ್ತಿ ನಾಮಪದದ ಹಿಂದೆ ಅಂಟುವುದು, ಯಾರೋ ಹೇಳಿದ್ದನ್ನು ‘ಅಂತ’ ಹಾಕಿ ಒಪ್ಪಿಸುವುದು, ಎಲ್ಲವೂ ಅಲ್ಲಿದೆ. ಇನ್ನು ಕ್ರಿಯಾಪದಕ್ಕೆ ಲಿಂಗ ವಚನಗಳ ಗೊಡವೆ ಇಲ್ಲ. ನಾನು ತಿನ್ನುತ್ತೇನೆ, ಅವಳು ತಿನ್ನುತ್ತಾಳೆ, ಅವರು ತಿನ್ನುತ್ತಾರೆ, ಎಲ್ಲಕ್ಕೂ ‘ತಬೆಮಸು’ ಒಂದೇ.

ಇಷ್ಟು ಹೋಲಿಕೆ ಕಂಡ ಕೂಡಲೇ ಜಪಾನೀ ನಮ್ಮ ದ್ರಾವಿಡ ಭಾಷೆಯೇ ಎಂದು ಹೇಳುವ ಉತ್ಸಾಹ ಬರುತ್ತದೆ. ಓನೊ ಸುಸುಮು ಎಂಬ ಜಪಾನಿನ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧವಿದೆ ಎಂದು ದೊಡ್ಡ ವಾದವನ್ನೇ ಹೂಡಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ನನ್ನಂಥ ಪಾಠ ಹೇಳುವವಳಿಗೆ ರಕ್ತಸಂಬಂಧ ಬೇಕಿಲ್ಲ, ಪಕ್ಕದ ಮನೆಯವರ ಸಲಿಗೆ ಇದ್ದರೆ ಸಾಕು.

ಹೀಗಿರುವಾಗ ನಮ್ಮಲ್ಲಿ ಜಪಾನೀ ಕಲಿಸುವುದು ಹೇಗೆ? ಇಂಗ್ಲಿಷಿನ ಮೂಲಕ. ಪಕ್ಕದ ಮನೆಗೆ ಹೋಗಲು ರೈಲು ಹತ್ತಿ ಊರು ಸುತ್ತಿ ಬಂದ ಹಾಗೆ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ, 1999ರ ಡಿಸೆಂಬರಿನಲ್ಲಿ ಬಿಡದಿಯ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಯಿತು. ಆಮೇಲೆ ಬೆಂಗಳೂರಿನ ಸುತ್ತಮುತ್ತ ಜಪಾನಿನ ಇನ್ನೂ ಹಲವು ಕಂಪನಿಗಳು ಬಂದವು, ಜೊತೆಗೆ ಭಾಷಾ ತರಗತಿಗಳೂ ಬಂದವು. ನಾನೂ ಅಂಥ ಸಂಜೆ ತರಗತಿಯಲ್ಲೇ ಕಲಿತವಳು, ಆಮೇಲೆ ಅಲ್ಲೇ ಕಲಿಸಿದವಳು. ಬರುತ್ತಿದ್ದವರು ಎಂಜಿನಿಯರುಗಳು. ಅವರಿಗೆ ಇಂಗ್ಲಿಷಿನಲ್ಲಿ ಹೇಳಿದರೆ ಸಾಕಾಗುತ್ತಿತ್ತು.

2019ರ ಏಪ್ರಿಲಿನಲ್ಲಿ ಜಪಾನು ತನ್ನ ವೀಸಾ ನಿಯಮದಲ್ಲಿ ಒಂದು ಹೊಸ ಬಾಗಿಲು ತೆರೆಯಿತು. ವೃದ್ಧರ ಆರೈಕೆ, ಕಟ್ಟಡ ಕೆಲಸ, ಕೃಷಿ, ಹೋಟೆಲು ಹೀಗೆ ಜನ ಸಾಲದ ಕೆಲಸಗಳಿಗೆ ಹೊರದೇಶದವರನ್ನು ಕರೆಸಿಕೊಳ್ಳುವ ವ್ಯವಸ್ಥೆ. 2021ರ ಜನವರಿಯಲ್ಲಿ ಭಾರತವೂ ಈ ಬಗ್ಗೆ ಒಡಂಬಡಿಕೆ ಮಾಡಿಕೊಂಡಿತು. ಇದಕ್ಕೆ ಡಿಗ್ರಿಗಿಂತ ಮುಖ್ಯವಾಗಿ ಬೇಕಾದದ್ದು ಕೆಲಸದ ಪರೀಕ್ಷೆ ಮತ್ತು ಸಾಮಾನ್ಯ ಮಟ್ಟದ ಜಪಾನೀ. ತರಗತಿಗೆ ಬರುವವರು ಬದಲಾದರು. ನರ್ಸಿಂಗ್ ಡಿಪ್ಲೊಮಾ ಮಾಡಿದ ಹುಡುಗಿಯರು, ಐ.ಟಿ.ಐ. ಮುಗಿಸಿದ ಹುಡುಗರು, ನಮ್ಮಂಥ ಶಾಲೆಗಳಿಂದ ಹೋದವರು ಬರತೊಡಗಿದರು.

ಅವರಲ್ಲಿ ಒಬ್ಬ ಹುಡುಗಿ ನಮ್ಮ ಜಿಲ್ಲೆಯವಳೇ. ನಮ್ಮಲ್ಲಿಗೆ ಬರುವ ಮೊದಲು ಬೇರೊಂದು ತರಗತಿಗೆ ಹಣ ಕಟ್ಟಿ ಎರಡು ತಿಂಗಳಿಗೆ ಬಿಟ್ಟಿದ್ದಳು. ‘ಯಾಕಮ್ಮ ಬಿಟ್ಟೆ?’ ಎಂದೆ. ‘ಜಪಾನೀ ತಿಳೀತಿತ್ತು ಮೇಡಂ, ಅವರು ಅದನ್ನ ಬಿಡಿಸಿ ಹೇಳೋ ಇಂಗ್ಲಿಷ್ ತಿಳೀತಿರಲಿಲ್ಲ’ ಎಂದಳು. ಈ ಮಾತು ಕೇಳಿದ ದಿನದಿಂದಲೇ ನಮ್ಮ ಸ್ಟುಡಿಯೊ ಶುರು ಎಂದು ನಾನು ಲೆಕ್ಕ ಇಟ್ಟಿದ್ದೇನೆ. ಬಾಡಿಗೆ ಕರಾರು ಮಾಡಿದ್ದು ಆಮೇಲೆ.

ಜಪಾನಿನವರೇ ತಯಾರಿಸಿದ ಒಳ್ಳೆಯ ಪಾಠಗಳು ಇಲ್ಲವೆಂದಲ್ಲ. ಜಪಾನ್ ಫೌಂಡೇಶನ್ ಎಂಬ ಸಂಸ್ಥೆ ‘ಎರಿನ್’ ಎಂಬ ಹುಡುಗಿಯನ್ನು ಮುಖ್ಯಪಾತ್ರವಾಗಿಟ್ಟು ಪಾಠಮಾಲೆ ಮಾಡಿತು. ಬ್ರಿಟನ್ನಿನಿಂದ ಬಂದು ಜಪಾನಿನ ಹೈಸ್ಕೂಲು ಸೇರುವ ವಿದ್ಯಾರ್ಥಿನಿ ಅವಳು. 2006ರಲ್ಲಿ ಅದು ಅಲ್ಲಿನ ಟಿ.ವಿ.ಯಲ್ಲಿ ಬಂತು, ಆಮೇಲೆ ಡಿ.ವಿ.ಡಿ. ಪುಸ್ತಕವಾಯಿತು, ಆಮೇಲೆ ಇಂಟರ್ನೆಟ್ಟಿಗೆ ಬಂತು. ದುಡಿಯಲು ಹೋಗುವವರಿಗಾಗಿಯೇ ಬರೆದ ‘ಇರೊದೊರಿ’ ಎಂಬ ಪಠ್ಯ ಧ್ವನಿ ಸಮೇತ ಪುಕ್ಕಟೆ ಸಿಗುತ್ತದೆ. ನೇಪಾಳಿ, ವಿಯೆಟ್ನಾಮಿ ಮೊದಲಾದ ಭಾಷೆಗಳಲ್ಲಿ ಅದರ ವಿವರಣೆ ಇದೆ. ನಾವು ಕೆಲಸ ಶುರುಮಾಡಿದಾಗ ಕನ್ನಡದಲ್ಲಿ ಇರಲಿಲ್ಲ. ಅವರನ್ನು ದೂರಿ ಏನು ಪ್ರಯೋಜನ? ನಮ್ಮ ಭಾಷೆಗೆ ನಾವು ಮಾಡಿಕೊಳ್ಳಬೇಕು.

ವೀಡಿಯೊಗಿಂತ ಧ್ವನಿಗೆ ಹೆಚ್ಚು ಒತ್ತು ಕೊಟ್ಟಿದ್ದೇವೆ. ನಮ್ಮ ವಿದ್ಯಾರ್ಥಿಗಳ ಮನೆಯಲ್ಲಿ ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ಅಥವಾ ಅಡುಗೆಮನೆಯ ಕಟ್ಟೆಯ ಮೇಲೆ. ಎಂಟು ನಿಮಿಷದ ಧ್ವನಿಪಾಠವಾದರೆ ಡೇಟಾ ಹೆಚ್ಚು ತಿನ್ನುವುದಿಲ್ಲ, ರೊಟ್ಟಿ ಬಡಿಯುತ್ತಲೂ ಕೇಳಬಹುದು. ಜಪಾನಿನವರೂ ಹೀಗೆ ಕಲಿತವರೇ. ಯುದ್ಧದಲ್ಲಿ ಸೋತು ಊಟಕ್ಕೂ ತತ್ವಾರವಾಗಿದ್ದ ಕಾಲ, 1946ರ ಫೆಬ್ರವರಿಯಲ್ಲಿ, ಹಿರಕಾವಾ ತದಾಇಚಿ ಎಂಬುವರು ರೇಡಿಯೊದಲ್ಲಿ ಇಂಗ್ಲಿಷ್ ಸಂಭಾಷಣೆಯ ಪಾಠ ಆರಂಭಿಸಿದರು. ಮಕ್ಕಳ ಹಾಡಿನ ಧಾಟಿಯಲ್ಲಿ ‘ಕಮ್ ಕಮ್’ ಎಂದು ಶುರುವಾಗುತ್ತಿದ್ದ ಆ ಪಾಠಕ್ಕೆ ದೇಶವೇ ಕಿವಿಗೊಟ್ಟಿತು. ಹೆಡ್‌ಮಾಸ್ಟರ ಕೋಣೆಯ ರೇಡಿಯೊ ಹೊರಗೆ ತಂದು ಆಕಾಶವಾಣಿಯ ಶಾಲಾ ಪಾಠ ಕೇಳಿಸುತ್ತಿದ್ದದ್ದು ನನ್ನ ಓರಗೆಯವರಿಗೆ ನೆನಪಿದೆ.

ಧ್ವನಿಪಾಠದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಕೆಲಸವೆಂದರೆ ಮೌನವನ್ನು ಅಳೆದು ಇಡುವುದು. ಕನ್ನಡದಲ್ಲಿ ಒಂದು ವಾಕ್ಯ, ಆಮೇಲೆ ಬಿಡುವು, ಕಲಿಯುವವರು ಜಪಾನಿಯಲ್ಲಿ ಹೇಳಬೇಕು. ಆಮೇಲೆ ಸರಿಯಾದ ಜಪಾನೀ ವಾಕ್ಯ, ಮತ್ತೆ ಬಿಡುವು. ಬಿಡುವು ಕಡಿಮೆಯಾದರೆ ಗಾಬರಿ, ಹೆಚ್ಚಾದರೆ ಮನಸ್ಸು ಒಲೆಯ ಮೇಲಿನ ಹಾಲಿಗೆ ಹೋಗುತ್ತದೆ. ನಾಲ್ಕನೆಯ ತಿಂಗಳಿಂದ ಬಿಡುವೇ ಇಲ್ಲ: ಕೇಳುತ್ತ ಕೇಳುತ್ತಲೇ ಒಂದೆರಡು ಪದದ ಹಿಂದೆ ನೆರಳಿನ ಹಾಗೆ ಹೇಳುತ್ತ ಹೋಗಬೇಕು.

ಇಲ್ಲಿ ನಮ್ಮವರಿಗೆ ಕಷ್ಟವೂ ಇದೆ. ‘ಹಶಿ’ ಎಂಬ ಪದವನ್ನು ಎತ್ತರದಿಂದ ಇಳಿಸಿ ಹೇಳಿದರೆ ಊಟದ ಕಡ್ಡಿ, ತಗ್ಗಿನಿಂದ ಏರಿಸಿದರೆ ಸೇತುವೆ. ಅದೂ ತೋಕ್ಯೋದಲ್ಲಿ, ಒಸಾಕಾಕ್ಕೆ ಹೋದರೆ ಇವೆರಡರ ಏರಿಳಿತ ಅದಲುಬದಲು. ಧಾರವಾಡದವರೂ ಮೈಸೂರಿನವರೂ ಅಲ್ಲೂ ಇದ್ದಾರೆ ಎನ್ನಿ. ಕನ್ನಡದಲ್ಲಿ ಸ್ವರದ ಏರಿಳಿತದಿಂದ ಪದದ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮ ಕಿವಿಗೆ ಇದು ಸುಲಭಕ್ಕೆ ಬೀಳುವುದಿಲ್ಲ. ಇದಕ್ಕೆ ಕಂಪ್ಯೂಟರು ನೆರವಾಗುತ್ತದೆ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದಲ್ಲಿ ತಯಾರಾದ ‘ಪ್ರಾಟ್’ ಎಂಬ ಪುಕ್ಕಟೆ ತಂತ್ರಾಂಶ ನಿಮ್ಮ ಧ್ವನಿಯ ಏರಿಳಿತವನ್ನು ಗೆರೆಯಾಗಿ ಬರೆದು ತೋರಿಸುತ್ತದೆ. ಜಪಾನೀ ಹೆಂಗಸಿನ ಗೆರೆ ಮೇಲೆ, ನಿಮ್ಮ ಗೆರೆ ಕೆಳಗೆ. ಕಿವಿ ಒಪ್ಪದ್ದನ್ನು ಕಣ್ಣು ಒಪ್ಪುತ್ತದೆ. ಇನ್ನೊಂದು, ‘ದೆಸು’ ಎಂದು ಬರೆದದ್ದನ್ನು ಅವರು ‘ದೆಸ್’ ಎಂದು ನುಂಗುತ್ತಾರೆ. ಬಸ್ಸನ್ನು ಬಸ್ಸು, ಕಾರನ್ನು ಕಾರು ಮಾಡಿಕೊಂಡ ನಮ್ಮ ನಾಲಿಗೆಗೆ ಕೊನೆಯ ಉಕಾರ ಬಿಡಲು ಮನಸ್ಸೇ ಬರುವುದಿಲ್ಲ. ಅವರೂ ಬಸ್ಸಿಗೆ ‘ಬಸು’ ಎನ್ನುವವರೇ, ಆದರೆ ಅದರ ಉಕಾರವನ್ನೂ ಹೆಚ್ಚು ಕೇಳಿಸಗೊಡುವುದಿಲ್ಲ.

ನಮಗೆ ಧ್ವನಿ ಕೊಡುವ ಜಪಾನೀ ಹೆಂಗಸು ಒಬ್ಬ ಎಂಜಿನಿಯರರ ಮನೆಯವರು. ಪಠ್ಯಪುಸ್ತಕದ ಸಂಭಾಷಣೆಗಳಲ್ಲಿ ಒಬ್ಬರು ಮಾತನಾಡುವಾಗ ಇನ್ನೊಬ್ಬರು ಕಲ್ಲಿನಂತೆ ಸುಮ್ಮನಿರುತ್ತಾರೆ. ಅವರು ಅಂಥದ್ದನ್ನು ಓದಲು ಒಪ್ಪುವುದಿಲ್ಲ. ಮಧ್ಯೆ ಮಧ್ಯೆ ‘ಹಯ್’, ‘ಏ’, ‘ಊಂ’ ಸೇರಿಸುತ್ತಾರೆ. ಕತೆ ಹೇಳುವ ಅಜ್ಜಿ ‘ಹೂಂ ಅನ್ನು, ಇಲ್ಲದಿದ್ದರೆ ಹೇಳೋದಿಲ್ಲ’ ಎನ್ನುತ್ತಾಳಲ್ಲ, ಅದೇ. ಆದರೆ ಎಚ್ಚರ: ಈ ‘ಹಯ್’ ಎಂದರೆ ಕೇಳುತ್ತಿದ್ದೇನೆ ಎಂದಷ್ಟೇ, ಒಪ್ಪಿದೆ ಎಂದಲ್ಲ. ಅದು ತಿಳಿಯದೆ ಸಾಹೇಬರು ಒಪ್ಪಿಬಿಟ್ಟರು ಎಂದು ಖುಷಿಯಾಗಿ ಎದ್ದು ಬಂದ ವ್ಯಾಪಾರಸ್ಥರು ಇದ್ದಾರೆ.

ಜಪಾನೀ ಭಾಷಾ ಪರೀಕ್ಷೆ 1984ರಲ್ಲಿ ಶುರುವಾಗಿ, 2010ರಿಂದ ಐದು ಹಂತಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಓದುವುದಿದೆ, ಕೇಳುವುದಿದೆ, ಮಾತನಾಡುವುದಿಲ್ಲ. ಹಾಗಾಗಿ ಅನೇಕ ತರಗತಿಗಳಲ್ಲಿ ಬಾಯಿಗೆ ಕೆಲಸವಿಲ್ಲ. ಮೂರನೆಯ ಹಂತ ದಾಟಿದವರು ಫೋನು ಬಂದರೆ ಪಕ್ಕದವರ ಕೈಗೆ ಕೊಡುವುದನ್ನು ನಾನು ನೋಡಿದ್ದೇನೆ. ವೃದ್ಧರ ಆರೈಕೆಗೆ ಹೋಗುವವರಿಗೆ ಇದು ಆಗದು. ರಾತ್ರಿ ಎರಡು ಗಂಟೆಗೆ ಮುದುಕಿಯೊಬ್ಬಳು ಗಂಟೆ ಒತ್ತಿ ‘ಝುಕಿಝುಕಿ’ ಎನ್ನುತ್ತಾಳೆ. ಅಂದರೆ ನೋವು ಪಟಪಟ ಸಿಡಿಯುತ್ತಿದೆ ಎಂದು. ‘ಹಿರಿಹಿರಿ’ ಎಂದರೆ ಚರ್ಮ ಚುರುಚುರು ಉರಿಯುತ್ತಿದೆ, ‘ಚಿಕುಚಿಕು’ ಎಂದರೆ ಸೂಜಿ ಚುಚ್ಚಿದಂತಾಗುತ್ತಿದೆ. ಇವನ್ನು ಇಂಗ್ಲಿಷಿಗೆ ತಂದರೆ ಒಂದೊಂದಕ್ಕೂ ಒಂದು ವಾಕ್ಯ ಬೇಕು. ನಮ್ಮ ಹುಡುಗಿಯರಿಗೆ ಇದು ಎಂಟನೆಯ ತರಗತಿಯ ಅನುಕರಣಾವ್ಯಯ. ನೋವಿಗೆ ಒಂದು ಪಾಠವನ್ನೇ ಮಾಡಿದ್ದೇವೆ, ನಮ್ಮ ಪಾಠಗಳಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಅದೇ.

ಆ ಹುಡುಗಿ ಈಗ ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಿದ್ದಾಳೆ. ಅವಳು ಮನೆಯಲ್ಲಿ ಪಾಠ ಕೇಳುತ್ತಿದ್ದ ಫೋನು ಅವಳ ಅವ್ವನದು. ಜಪಾನಿನಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಇತ್ತೆ ಕಿಮಸು’ ಎನ್ನುತ್ತಾರೆ. ಹೋಗಿ ಬರುತ್ತೇನೆ. ಒಳಗಿದ್ದವರು ‘ಇತ್ತೆರಶ್ಶಯ್’ ಎನ್ನುತ್ತಾರೆ. ಹೋಗಿ ಬಾ. ವಿಮಾನ ನಿಲ್ದಾಣದಲ್ಲಿ ಅವಳು ತಮಾಷೆಗೆಂದು ಅವ್ವನಿಗೆ ‘ಇತ್ತೆ ಕಿಮಸು’ ಎಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಆ ತಾಯಿ, ಅಡುಗೆ ಮಾಡುತ್ತ ಆ ಪಾಠವನ್ನು ನೂರು ಸಲ ಕೇಳಿದ್ದವಳು, ಸ್ಪಷ್ಟವಾಗಿ ‘ಇತ್ತೆರಶ್ಶಯ್’ ಎಂದಳು. ನಾನು ಪಕ್ಕದಲ್ಲೇ ಇದ್ದೆ.

ಪೋಷಕರಿಗೆ ಒಂದು ಮಾತು. ಜಪಾನಿಗೆ ಕಳಿಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರು ತಾಲ್ಲೂಕು ಊರುಗಳಿಗೂ ಬರುತ್ತಿದ್ದಾರೆ. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ಕೇಂದ್ರ ಸರಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಆ ನೋಂದಣಿ ಸಂಖ್ಯೆ ಕೇಳಿ, ಸರಿನೋಡಿ, ಆಮೇಲೆ ಮುಂದಿನ ಮಾತು. ಹೊಲ ಒತ್ತೆ ಇಡಬೇಡಿ.

‘ಮೊದಲು ಇಂಗ್ಲಿಷ್ ಕಲಿಯಲಿ’ ಎಂಬ ಮಾತಿಗೆ ಬರುತ್ತೇನೆ ಎಂದಿದ್ದೆ. ಇಂಗ್ಲಿಷ್ ಕಲಿಯಲಿ, ಬೇಡ ಎಂದವರಾರು? ಆದರೆ ಇಂಗ್ಲಿಷ್ ಬಾರದವರಿಗೆ ಮತ್ತೊಂದು ಭಾಷೆಯೇ ಬಾರದು ಎನ್ನುವುದು ಸುಳ್ಳು. ಹೋದ ವರ್ಷ ಒಂದು ಕಂಪನಿ ನಮ್ಮ ಸ್ಟುಡಿಯೊವನ್ನು ಕೊಳ್ಳಲು ಬಂತು. ಒಳ್ಳೆಯ ಬೆಲೆಯನ್ನೇ ಹೇಳಿದರು. ಷರತ್ತು ಒಂದೇ: ಕನ್ನಡ ತೆಗೆದು ಇಂಗ್ಲಿಷ್ ಹಾಕಬೇಕು, ಆಗ ದೇಶದಾದ್ಯಂತ ಮಾರಬಹುದು. ನಾವು ಮೂವರು ಸೇರಿ ನಡೆಸುವ ಕೆಲಸ ಇದು, ಇಬ್ಬರಿಗೆ ಒಪ್ಪಬೇಕೆನಿಸಿತ್ತು. ಅವರ ಮಾತಿನಲ್ಲೂ ನ್ಯಾಯವಿದೆ. ಸಂಜೆ ಎಂಜಿನಿಯರುಗಳಿಗೆ ಪಾಠ ಹೇಳಿ ಬಂದ ಹಣದಲ್ಲಿ ಬಾಡಿಗೆ ಕಟ್ಟುತ್ತಿದ್ದೇವೆ, ಎಷ್ಟು ದಿನ ಹೀಗೆ? ಮೂರು ರಾತ್ರಿ ವಾದ ಮಾಡಿ, ಕೊನೆಗೆ ಮುಂದಿನ ಮಾರ್ಚ್‌ವರೆಗೆ ಕನ್ನಡದಲ್ಲೇ ನಡೆಸುವುದು, ಅಷ್ಟರಲ್ಲಿ ಅರವತ್ತು ಪಾಠ ಪೂರ್ತಿ ಮಾಡುವುದು ಎಂದು ತೀರ್ಮಾನಿಸಿದೆವು. ನಲವತ್ತೊಂದು ಆಗಿವೆ.

ಉಳಿದ ಹತ್ತೊಂಬತ್ತಕ್ಕೆ ನಿಮ್ಮ ಸಹಾಯ ಬೇಕು. ಕನ್ನಡ ವಾಕ್ಯಗಳನ್ನು ಇಷ್ಟು ದಿನ ನಾನೇ ಓದಿದ್ದೇನೆ. ನನ್ನ ದನಿ ಕೇಳಿ ಕೇಳಿ ವಿದ್ಯಾರ್ಥಿಗಳಿಗೆ ಬೇಸರ ಬಂದಿದೆ, ಒಬ್ಬಳು ಹಾಗೆಂದು ಮುಖಕ್ಕೇ ಹೇಳಿದಳು. ಈ ಭಾಗದ ಕನ್ನಡ, ಹದಿನಾಲ್ಕು ಹದಿನೈದರ ಎಳೆಯ ದನಿ ಬೇಕು. ಮಧ್ಯಾಹ್ನ ಊಟವಾದ ಮೇಲೆ ಒಂಬತ್ತನೆಯ ತರಗತಿಯ ಕೋಣೆಯಲ್ಲಿ ರೆಕಾರ್ಡರು ಇಟ್ಟುಕೊಂಡು ಕುಳಿತಿರುತ್ತೇನೆ. ಫ್ಯಾನು ಹಾಕುವಂತಿಲ್ಲ, ಸೆಕೆ ತಡೆದುಕೊಳ್ಳಬೇಕು. ಮನೆಯವರ ಒಪ್ಪಿಗೆ ಚೀಟಿ ತಂದವರದು ಮಾತ್ರ ತೆಗೆದುಕೊಳ್ಳುವುದು. ಆದ ನಲವತ್ತೊಂದು ಪಾಠಗಳ ಪೆನ್‌ಡ್ರೈವನ್ನು ಕಂಪ್ಯೂಟರ್ ಕೋಣೆಯ ಮೇಷ್ಟ್ರ ಕೈಗೆ ಕೊಟ್ಟಿದ್ದೇನೆ, ಬೇಕಾದವರು ಪ್ರತಿ ಮಾಡಿಕೊಳ್ಳಿ. ನೋವಿನ ಪಾಠ ಇಪ್ಪತ್ತೆಂಟನೆಯದು.